ಅಸ್ಮಿತೆ, ಅನುಭವ, ಮಾನವ ಜಾಣ್ಮೆ: ಐಬಿ ಭಾಷಾ ಮೌಖಿಕ ಪರೀಕ್ಷೆಗೆ ಸಿದ್ಧವಾಗುವ ಬಗೆ

ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್ (ಐಬಿ) ಎಂಬ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯ ಡಿಪ್ಲೊಮಾ ಓದುವ ವಿದ್ಯಾರ್ಥಿಗಳು ಫ್ರೆಂಚ್, ಸ್ಪ್ಯಾನಿಷ್, ಜರ್ಮನ್ ಮುಂತಾದ ಭಾಷೆಯೊಂದನ್ನು ಲ್ಯಾಂಗ್ವೇಜ್ ಬಿ (ಈಗಾಗಲೇ ಸ್ವಲ್ಪ ಕಲಿತಿರುವ ಪರಭಾಷೆ) ಎಂದು ಆರಿಸಿಕೊಂಡಾಗ, ಅವರಿಗೆ ಎಲ್ಲಕ್ಕಿಂತ ಹೆಚ್ಚು ಅಳುಕು ಹುಟ್ಟಿಸುವುದು ಶಿಕ್ಷಕರ ಎದುರು ಕುಳಿತು ಮಾತನಾಡಬೇಕಾದ ಮೌಖಿಕ ಪರೀಕ್ಷೆ. 2020ರ ಬ್ಯಾಚಿನಿಂದ ಅನ್ವಯವಾಗುವಂತೆ ರೂಪುಗೊಂಡ ಪಠ್ಯಕ್ರಮದಲ್ಲಿ ಐದು ವಿಷಯ ವಲಯಗಳಿವೆ: ಅಸ್ಮಿತೆ, ಅನುಭವ, ಮಾನವ ಜಾಣ್ಮೆ, ಸಾಮಾಜಿಕ ವ್ಯವಸ್ಥೆ ಮತ್ತು ಭೂಮಿಯನ್ನು ಹಂಚಿಕೊಂಡು ಬದುಕುವುದು. ಕೊನೆಯ ಎರಡರ ಬಗ್ಗೆ ಮಾತನಾಡುವುದು ಒಂದು ಮಟ್ಟಿಗೆ ಸುಲಭ, ಏಕೆಂದರೆ ಪರಿಸರ, ಶಿಕ್ಷಣ, ಸಮಾನತೆ ಇವುಗಳ ಕುರಿತು ಹೇಳಬೇಕಾದ ಮಾತುಗಳು ಪತ್ರಿಕೆಗಳಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಮೊದಲ ಮೂರು ಹಾಗಲ್ಲ. ‘ನಾನು ಯಾರು’, ‘ನಾನು ಏನನ್ನು ಹಾದು ಬಂದೆ’, ‘ಮನುಷ್ಯ ಏನನ್ನು ಕಂಡುಹಿಡಿದ, ಅದರಿಂದ ಅವನಿಗೇನಾಯಿತು’ ಎಂಬ ಪ್ರಶ್ನೆಗಳಿಗೆ ಸಿದ್ಧ ಉತ್ತರ ಹುಡುಕಲು ಹೋದವರು ‘ಸಂಸ್ಕೃತಿ ಬಹಳ ಮುಖ್ಯ’, ‘ತಂತ್ರಜ್ಞಾನಕ್ಕೆ ಒಳಿತೂ ಕೆಡುಕೂ ಇದೆ’ ಎಂಬ ಸವಕಲು ವಾಕ್ಯಗಳಲ್ಲಿ ಸಿಕ್ಕಿಕೊಳ್ಳುತ್ತಾರೆ. ಈ ಮೂರು ವಲಯಗಳಿಗೆ ಮೂರು ಭಾಷಣಗಳನ್ನು ಬರೆದು ಉರು ಹೊಡೆಯುವ ಬದಲು, ಮೂರರಲ್ಲೂ ಸಲೀಸಾಗಿ ಓಡಾಡಬಲ್ಲ ಕೆಲವೇ ನಿದರ್ಶನಗಳನ್ನು ಆಳವಾಗಿ ಅರಿತಿಟ್ಟುಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಮಾರ್ಗದರ್ಶಿಯ ನಿಲುವು.

ಹಂತ 1: ಪರೀಕ್ಷೆಯ ಒಳಗಟ್ಟನ್ನು ತಿಳಿದುಕೊಳ್ಳಿ

ಲ್ಯಾಂಗ್ವೇಜ್ ಬಿಗೆ ಸ್ಟ್ಯಾಂಡರ್ಡ್, ಹೈಯರ್ ಎಂಬ ಎರಡು ಮಟ್ಟಗಳಿವೆ. ಸ್ಟ್ಯಾಂಡರ್ಡ್ ಲೆವೆಲ್‌ನಲ್ಲಿ ವಿದ್ಯಾರ್ಥಿಗೆ ಎರಡು ಚಿತ್ರಗಳನ್ನು ಕೊಡಲಾಗುತ್ತದೆ. ಎರಡೂ ಬೇರೆ ಬೇರೆ ವಿಷಯ ವಲಯಗಳಿಗೆ ಸೇರಿದವು, ಎರಡನ್ನೂ ವಿದ್ಯಾರ್ಥಿ ಹಿಂದೆ ನೋಡಿರುವುದಿಲ್ಲ. ಒಂದನ್ನು ಆರಿಸಿಕೊಂಡು ತಯಾರಾಗಲು 15 ನಿಮಿಷ ಸಿಗುತ್ತದೆ. ಆ ಅವಧಿಯಲ್ಲಿ ನಿಘಂಟು ನೋಡುವಂತಿಲ್ಲ. ಚುಟುಕು ಟಿಪ್ಪಣಿ ಮಾಡಿಕೊಳ್ಳಬಹುದು, ಆದರೆ ಅದು 10 ಅಂಶಗಳನ್ನು ಮೀರಬಾರದು ಮತ್ತು ಅದನ್ನು ನೋಡಿಕೊಂಡು ಓದುವಂತಿಲ್ಲ. ಆ ಬಳಿಕ 12ರಿಂದ 15 ನಿಮಿಷಗಳ ಮಾತು ಧ್ವನಿಮುದ್ರಣವಾಗುತ್ತದೆ. ಮೊದಲ ಭಾಗದಲ್ಲಿ 3ರಿಂದ 4 ನಿಮಿಷ ವಿದ್ಯಾರ್ಥಿ ಒಬ್ಬರೇ ಚಿತ್ರದ ಬಗ್ಗೆ ಮಾತನಾಡುತ್ತಾರೆ. ಎರಡನೆಯ ಭಾಗದಲ್ಲಿ 4ರಿಂದ 5 ನಿಮಿಷ ಅದೇ ವಿಷಯವನ್ನು ಹಿಡಿದು ಶಿಕ್ಷಕರು ಪ್ರಶ್ನೆ ಕೇಳುತ್ತಾರೆ. ಮೂರನೆಯ ಭಾಗದ 5ರಿಂದ 6 ನಿಮಿಷಗಳಲ್ಲಿ ಮಾತು ಕನಿಷ್ಠ ಇನ್ನೊಂದು ವಿಷಯ ವಲಯಕ್ಕೆ ಹೊರಳುತ್ತದೆ.

ಎದುರು ಕೂರುವವರು ಎಲ್ಲಿಂದಲೋ ಬಂದ ಅಪರಿಚಿತ ಪರೀಕ್ಷಕರಲ್ಲ, ನಿಮಗೆ ಪಾಠ ಹೇಳಿದ ಶಿಕ್ಷಕರೇ. ಅಂಕ ಕೊಡುವವರೂ ಅವರೇ. ಶಾಲೆಯಿಂದ ಆಯ್ದ ಕೆಲವು ಧ್ವನಿಮುದ್ರಣಗಳನ್ನು ಐಬಿ ತರಿಸಿಕೊಂಡು ಆ ಅಂಕಗಳು ಸರಿಯಾಗಿವೆಯೇ ಎಂದು ಪರಿಶೀಲಿಸುತ್ತದೆ.

ಅಂಕ ಹಂಚಿಕೆಯನ್ನು ಒಮ್ಮೆ ಸಾವಧಾನವಾಗಿ ನೋಡಬೇಕು. ಒಟ್ಟು 30ರಲ್ಲಿ ಭಾಷೆಗೆ 12, ಮೊದಲ ಭಾಗದ ವಿಷಯ ಮಂಡನೆಗೆ 6, ಸಂಭಾಷಣೆಯಲ್ಲಿ ಹೇಳಿದ ವಿಚಾರಗಳಿಗೆ 6, ಮಾತನ್ನು ಅರ್ಥ ಮಾಡಿಕೊಂಡು ಬೆಳೆಸುವ ಸಾಮರ್ಥ್ಯಕ್ಕೆ 6. ಇಡೀ ಪರೀಕ್ಷೆಯ ಪಾಲು ವಿಷಯದ ಅಂತಿಮ ಅಂಕದ ಶೇ. 25. ಬಹುತೇಕ ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಸಮಯವನ್ನೆಲ್ಲ ಸುರಿಯುವುದು ಮೊದಲ ಭಾಗದ ಆ ಮೂರು ನಿಮಿಷಗಳ ಮೇಲೆ, ಅಂದರೆ ನೇರವಾಗಿ 6 ಅಂಕಗಳನ್ನಷ್ಟೇ ತರುವ ಭಾಗದ ಮೇಲೆ. ಚಿತ್ರ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಬಾಯಿಪಾಠ ಮಾಡಿದ ಭಾಷಣ ಅಲ್ಲಿಯೂ ಪೂರ್ತಿ ಹೊಂದುವುದಿಲ್ಲ. ಉಳಿದ ಹತ್ತು ನಿಮಿಷಗಳ ಮಾತುಕತೆಗೆ ಪ್ರತ್ಯೇಕ ಅಭ್ಯಾಸ ಬೇಕು.

ಹೈಯರ್ ಲೆವೆಲ್‌ನಲ್ಲಿ ಚಿತ್ರದ ಬದಲು ಸಾಹಿತ್ಯ ಕೃತಿಯ ಆಯ್ದ ಭಾಗವಿರುತ್ತದೆ. ಅದಕ್ಕೆ ಬೇಕಾದ ಬದಲಾವಣೆಗಳನ್ನು ಮುಂದೆ ಹೇಳಿದೆ. ಆ್ಯಬ್ ಇನಿಷಿಯೊ, ಅಂದರೆ ಭಾಷೆಯನ್ನು ಮೊದಲಿನಿಂದ ಕಲಿಯುವವರ ಕೋರ್ಸಿನಲ್ಲಿ, ಮೂರು ಭಾಗಗಳೂ ಇವೆ, ಆದರೆ ಒಟ್ಟು ಮಾತು 7ರಿಂದ 10 ನಿಮಿಷ ಮಾತ್ರ.

ಹಂತ 2: ಮೂರು ವಲಯಗಳ ಗಡಿಯನ್ನೂ ಅವು ಬೆರೆಯುವ ಜಾಗಗಳನ್ನೂ ಗುರುತಿಸಿ

ಅಸ್ಮಿತೆಯ ಅಡಿಯಲ್ಲಿ ಜೀವನಶೈಲಿ, ಆರೋಗ್ಯ, ನಂಬಿಕೆ ಮತ್ತು ಮೌಲ್ಯಗಳು, ಉಪಸಂಸ್ಕೃತಿಗಳು, ಭಾಷೆಗೂ ಅಸ್ಮಿತೆಗೂ ಇರುವ ನಂಟು ಬರುತ್ತವೆ. ಅನುಭವದ ಅಡಿಯಲ್ಲಿ ಬಿಡುವಿನ ಚಟುವಟಿಕೆ, ಪ್ರವಾಸ, ಜೀವನಕಥೆಗಳು, ಬಾಳಿನ ಘಟ್ಟಗಳನ್ನು ಗುರುತಿಸುವ ಆಚರಣೆಗಳು, ಸಂಪ್ರದಾಯಗಳು, ವಲಸೆ ಸೇರುತ್ತವೆ. ಮಾನವ ಜಾಣ್ಮೆಯಲ್ಲಿ ಮನರಂಜನೆ, ಕಲೆ, ಸಂವಹನ ಮತ್ತು ಮಾಧ್ಯಮ, ತಂತ್ರಜ್ಞಾನ, ವೈಜ್ಞಾನಿಕ ಆವಿಷ್ಕಾರ ಇವೆ. ಇವು ಪಠ್ಯಕ್ರಮ ಸೂಚಿಸುವ ಉಪವಿಷಯಗಳು. ಇವುಗಳ ಹೆಸರುಗಳನ್ನು ನೀವು ಕಲಿಯುತ್ತಿರುವ ಭಾಷೆಯಲ್ಲಿಯೇ ನಾಲಿಗೆಯ ತುದಿಯಲ್ಲಿ ಇಟ್ಟುಕೊಳ್ಳಿ. ಪ್ರಶ್ನೆಯ ಮೊದಲ ಮೂರು ಪದ ಕೇಳುತ್ತಲೇ ಅದು ಯಾವ ವಲಯದ ಪ್ರಶ್ನೆ ಎಂದು ಹೊಳೆಯಲು ಇದು ನೆರವಾಗುತ್ತದೆ.

ಹೆಸರುಗಳಿಗಿಂತ ಮುಖ್ಯವಾದದ್ದು ಪ್ರತಿ ವಲಯದ ಅಡಿಯಲ್ಲಿರುವ ಜಗಳ. ಅಸ್ಮಿತೆಯಲ್ಲಿ ಅದು ‘ನನ್ನನ್ನು ನಾನೇ ಆರಿಸಿಕೊಂಡೆನೋ, ಹುಟ್ಟಿನಿಂದ ಪಡೆದೆನೋ’ ಎಂಬುದು. ಅನುಭವದಲ್ಲಿ ‘ಒಂದು ಘಟನೆ ಮನುಷ್ಯನನ್ನು ನಿಜವಾಗಿ ಬದಲಿಸುತ್ತದೆಯೋ, ಇಲ್ಲವೇ ಹಿಂತಿರುಗಿ ನೋಡಿ ನಾವೇ ಅದಕ್ಕೆ ಅರ್ಥ ಕಟ್ಟುತ್ತೇವೆಯೋ’ ಎಂಬುದು. ಮಾನವ ಜಾಣ್ಮೆಯಲ್ಲಿ ‘ಕಂಡುಹಿಡಿದದ್ದು ಯಾರಿಗೆ ದಕ್ಕಿತು, ಅದರ ಬೆಲೆಯನ್ನು ಯಾರು ತೆತ್ತರು’ ಎಂಬುದು. ಶಿಕ್ಷಕರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಈ ಮೂರರಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ. ಈ ಮೂರಕ್ಕೂ ನಿಮ್ಮದೇ ಆದ ಒಂದು ನಿಲುವು ಇದ್ದರೆ ಯಾವ ಪ್ರಶ್ನೆಯೂ ಪೂರ್ತಿ ಹೊಸದೆನಿಸುವುದಿಲ್ಲ.

ಹಂತ 3: ನಿದರ್ಶನಗಳನ್ನು ಆರಿಸಿ, ಆಳಕ್ಕೆ ಇಳಿಯಿರಿ

ಇಡೀ ತಯಾರಿಯ ತಿರುಳು ಇರುವುದು ಇಲ್ಲಿ. ಐದಾರು ನಿದರ್ಶನಗಳು ಸಾಕು, ಇಪ್ಪತ್ತು ಬೇಡ. ಪ್ರತಿಯೊಂದೂ ನಾಲ್ಕು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಅದು ನೀವು ಕಲಿಯುತ್ತಿರುವ ಭಾಷೆಯನ್ನಾಡುವ ಜನರ ಸಂಸ್ಕೃತಿಗೆ ಸೇರಿರಬೇಕು, ಏಕೆಂದರೆ ಮೊದಲ ಭಾಗದ ಅಂಕಗಳಲ್ಲಿ ಆ ಸಂಸ್ಕೃತಿಯ ಜೊತೆ ಸ್ಪಷ್ಟ ನಂಟು ತೋರಿಸುವುದು ಒಂದು ಮಾನದಂಡ. ಅದರಲ್ಲಿ ಹೆಸರು, ಇಸವಿ, ಜಾಗ ಎಂಬಂಥ ಗಟ್ಟಿ ವಿವರಗಳಿರಬೇಕು. ಅದರ ಬಗ್ಗೆ ಇಬ್ಬರು ತಿಳಿವಳಿಕಸ್ಥರು ಪ್ರಾಮಾಣಿಕವಾಗಿ ಭಿನ್ನಾಭಿಪ್ರಾಯ ಹೊಂದಲು ಸಾಧ್ಯವಿರಬೇಕು. ಕೊನೆಯದಾಗಿ, ಮೂರು ವಲಯಗಳಲ್ಲಿ ಕನಿಷ್ಠ ಎರಡರಲ್ಲಿ ಅದನ್ನು ಬಳಸಲು ಬರಬೇಕು.

ಸ್ಪ್ಯಾನಿಷ್ ಕಲಿಯುವವರಿಗೆ ಒಂದು ಒಳ್ಳೆಯ ನಿದರ್ಶನ ಸಿಲ್ಬೊ ಗೊಮೆರೊ. ಕ್ಯಾನರಿ ದ್ವೀಪಗಳಲ್ಲೊಂದಾದ ಲಾ ಗೊಮೆರಾದಲ್ಲಿ ಕಡಿದಾದ ಕಂದರಗಳ ಈಚೆ ದಡದಿಂದ ಆಚೆ ದಡಕ್ಕೆ ಸುದ್ದಿ ಮುಟ್ಟಿಸಲು ಜನ ಬಳಸುತ್ತ ಬಂದ ಶಿಳ್ಳೆಯ ಭಾಷೆ ಇದು. ಇದು ಸಂಕೇತಗಳ ಪಟ್ಟಿಯಲ್ಲ, ಸ್ಪ್ಯಾನಿಷ್ ಭಾಷೆಯೇ ಶಿಳ್ಳೆಯ ರೂಪ ತಳೆದದ್ದು: ಐದು ಸ್ವರಗಳಿಗೆ ಎರಡು ಬಗೆಯ ಶಿಳ್ಳೆ, ವ್ಯಂಜನಗಳಿಗೆ ನಾಲ್ಕು ಬಗೆಯ ಶಿಳ್ಳೆ. ರಸ್ತೆ, ದೂರವಾಣಿ ಬಂದ ಮೇಲೆ ಮತ್ತು ಕೆಲಸ ಹುಡುಕಿಕೊಂಡು ಜನ ದ್ವೀಪ ಬಿಟ್ಟ ಮೇಲೆ ಇದು ಕ್ಷೀಣಿಸಿತು. 1999ರಿಂದ ದ್ವೀಪದ ಶಾಲೆಗಳಲ್ಲಿ ಇದನ್ನು ಪಾಠವಾಗಿ ಕಲಿಸತೊಡಗಿದರು, 2009ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟೇ ಸಂಗತಿಗಳಿಂದ ಮೂರೂ ವಲಯಗಳ ಬಾಗಿಲು ತೆರೆಯುತ್ತದೆ. ಭಾಷೆ ದ್ವೀಪದ ಜನರ ಗುರುತಾಗಿದೆ, ಆದ್ದರಿಂದ ಅಸ್ಮಿತೆ. ವಲಸೆಯಿಂದ ಸಂಪ್ರದಾಯ ಸೊರಗಿತು, ಆದ್ದರಿಂದ ಅನುಭವ. ಯಾವ ಉಪಕರಣವೂ ಇಲ್ಲದೆ ಕಿಲೋಮೀಟರ್‌ಗಟ್ಟಲೆ ದೂರಕ್ಕೆ ಮಾತು ಕಳಿಸುವ ಉಪಾಯ ಹೊಳೆಯಿತು, ಆದ್ದರಿಂದ ಮಾನವ ಜಾಣ್ಮೆ.

ಫ್ರೆಂಚ್ ಕಲಿಯುವವರು ಲೂಯಿ ಬ್ರೈಲ್‌ನನ್ನು ಆರಿಸಿಕೊಳ್ಳಬಹುದು. 1809ರಲ್ಲಿ ಹುಟ್ಟಿದ ಈತ ಎಳವೆಯಲ್ಲಿ ತಂದೆಯ ಕಾರ್ಯಾಗಾರದಲ್ಲಿ ಆದ ಗಾಯದಿಂದ ಕಣ್ಣು ಕಳೆದುಕೊಂಡ. ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಾಗ, ಉಬ್ಬು ಚುಕ್ಕೆಗಳನ್ನು ಮುಟ್ಟಿ ಓದಲು ಷಾರ್ಲ್ ಬಾರ್ಬಿಯೆ ರೂಪಿಸಿದ್ದ 12 ಚುಕ್ಕೆಗಳ ಬರಹ ಪದ್ಧತಿಯನ್ನು ಬೆರಳ ತುದಿಗೆ ಒಂದೇ ಸ್ಪರ್ಶದಲ್ಲಿ ಸಿಗುವಂತೆ 6 ಚುಕ್ಕೆಗಳಿಗೆ ಇಳಿಸಿ, 1829ರಲ್ಲಿ ಅದನ್ನು ಪ್ರಕಟಿಸಿದ. ಆ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಆತ ತೀರಿಕೊಂಡು ಎರಡು ವರ್ಷಗಳಾದ ಮೇಲೆ. ‘ಹೊಸತನ್ನು ಜನ ಏಕೆ ತಡವಾಗಿ ಒಪ್ಪುತ್ತಾರೆ’ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಉಪಕರಣವನ್ನು ಕಂಡುಹಿಡಿಯಬೇಕಾದವರು ಅದನ್ನು ಬಳಸುವವರೇ ಎಂಬ ವಾದಕ್ಕೂ ಇದು ಆಧಾರ ಒದಗಿಸುತ್ತದೆ.

ಅಗಲಿದವರನ್ನು ನೆನೆಯುವ ಮೆಕ್ಸಿಕೊದ ಹಬ್ಬ ಮೃತರ ದಿನವನ್ನು ಎಷ್ಟು ವಿದ್ಯಾರ್ಥಿಗಳು ಎತ್ತಿಕೊಳ್ಳುತ್ತಾರೆಂದರೆ, ಅದನ್ನು ಬರಿದೇ ವರ್ಣಿಸಿದರೆ ಕೇಳುವವರ ಕಿವಿ ಮುಚ್ಚಿಕೊಳ್ಳುತ್ತದೆ. ಅದನ್ನೇ ಬಳಸಬೇಕೆಂದಿದ್ದರೆ ಒಂದು ಮೂಲೆಯಿಂದ ಪ್ರವೇಶಿಸಿ: ಮೆಕ್ಸಿಕೊ ಸಿಟಿಯಲ್ಲಿ ಈಗ ನಡೆಯುವ ಭಾರೀ ಮೆರವಣಿಗೆ ಪುರಾತನ ಸಂಪ್ರದಾಯವಲ್ಲ. 2015ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದರಲ್ಲಿದ್ದ ಕಾಲ್ಪನಿಕ ಮೆರವಣಿಗೆಯಿಂದ ಪ್ರೇರಣೆ ಪಡೆದು ಅದು 2016ರಲ್ಲಿ ಆರಂಭವಾಯಿತು. ಚಲನಚಿತ್ರದಿಂದ ಹುಟ್ಟಿದ ಆಚರಣೆ ಅಸಲಿಯೇ, ಮೂವತ್ತು ವರ್ಷ ನಡೆದುಬಿಟ್ಟರೆ ಅಸಲಿಯಾಗುತ್ತದೆಯೇ? ಇಲ್ಲಿ ಸಂಪ್ರದಾಯವೂ ಮನರಂಜನೆಯೂ ಡಿಕ್ಕಿ ಹೊಡೆಯುತ್ತವೆ, ಮಾತು ತಾನಾಗಿ ಬೆಳೆಯುತ್ತದೆ. ಹಾಗೆಯೇ ಪರಾಗ್ವೆಯ ಅಸುನ್ಸಿಯಾನ್ ಬಳಿಯ ಕತೇವುರಾದಲ್ಲಿ, ಕಸದ ಗುಡ್ಡೆಯಿಂದ ಆಯ್ದ ಡಬ್ಬ, ಕೊಳವೆಗಳಿಂದ ಮಾಡಿದ ವಾದ್ಯಗಳನ್ನು ನುಡಿಸುವ ಮಕ್ಕಳ ವಾದ್ಯಮೇಳವಿದೆ. ಜಾಣ್ಮೆಗೆ ಅದು ಹೊಳೆಯುವ ಉದಾಹರಣೆ; ‘ಬಡತನವನ್ನು ಸುಂದರವಾಗಿ ತೋರಿಸಿ ಜಗತ್ತು ತನ್ನ ಹೊಣೆಯಿಂದ ಜಾರಿಕೊಳ್ಳುತ್ತಿದೆಯೇ’ ಎಂದು ಕೇಳಿದರೆ ಅದೇ ಉದಾಹರಣೆ ಮುಳ್ಳಾಗುತ್ತದೆ. ಇಂಥ ಮುಳ್ಳಿರುವ ನಿದರ್ಶನಗಳೇ ಬೇಕಾದವು.

ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ಧರಿಸಬಾರದೆಂಬ 2004ರ ಕಾನೂನು ಅಸ್ಮಿತೆಯ ಚರ್ಚೆಗೆ ಬಲವಾದ ವಿಷಯ. ಆದರೆ ಎರಡೂ ಪಕ್ಷಗಳ ವಾದವನ್ನು ದನಿ ಏರಿಸದೆ ಮಂಡಿಸುವ ಹಿಡಿತ ಇದ್ದವರು ಮಾತ್ರ ಅದನ್ನು ಎತ್ತಿಕೊಳ್ಳುವುದು ಲೇಸು.

ಆರಿಸಿಕೊಂಡ ಪ್ರತಿ ನಿದರ್ಶನಕ್ಕೂ ಒಂದು ಕಾರ್ಡ್ ಮಾಡಿ. ಮೇಲೆ ಗಟ್ಟಿ ವಿವರಗಳು ಎರಡು ಸಾಲು. ಕೆಳಗೆ ‘ಏಕೆ ಹೀಗಾಯಿತು’ ಎಂಬುದಕ್ಕೆ ಒಂದು ಸಾಲು, ಒಪ್ಪುವವರ ಮಾತು ಒಂದು, ಒಪ್ಪದವರ ಮಾತು ಒಂದು, ನಿಮ್ಮ ಬದುಕಿನಲ್ಲಿ ಅದಕ್ಕೆ ಸಮೀಪವಾದ ಸಂಗತಿ ಒಂದು. ಪೂರ್ಣ ವಾಕ್ಯಗಳನ್ನು ಬರೆಯಬೇಡಿ. ಬರೆದ ವಾಕ್ಯ ಬಾಯಿಪಾಠವಾಗುತ್ತದೆ, ಬಾಯಿಪಾಠವಾದ ವಾಕ್ಯ ಪ್ರಶ್ನೆ ತುಸು ಬದಲಾದರೂ ಜಗ್ಗುವುದಿಲ್ಲ.

ಹಂತ 4: ಚಿತ್ರವನ್ನು ಓದಲು ಕಲಿಯಿರಿ

ಚಿತ್ರದಲ್ಲಿ ಕಣ್ಣಿಗೆ ಕಾಣುವುದನ್ನು ಹೇಳುವುದು ಆರಂಭ ಮಾತ್ರ. ಕಾಣದಿದ್ದರೂ ಸೂಚಿತವಾದುದನ್ನು ಹೊರತೆಗೆಯುವವರಿಗೆ ಮೇಲಿನ ಅಂಕ ಸಿಗುತ್ತದೆ. ಹೀಗೊಂದು ಚಿತ್ರ ಬಂದಿದೆ ಎಂದುಕೊಳ್ಳಿ: ಇಳಿಜಾರಿನ ಅಂಚಿನಲ್ಲಿ ನಿಂತ ವೃದ್ಧರೊಬ್ಬರು ಬೆರಳನ್ನು ಬಾಯಿಗಿಟ್ಟು ಶಿಳ್ಳೆ ಹಾಕುತ್ತಿದ್ದಾರೆ, ಇನ್ನೊಂದು ಅಂಗೈ ಕೆನ್ನೆಯ ಬಳಿ ಬಟ್ಟಲಿನಂತೆ ಬಾಗಿದೆ. ಪಕ್ಕದಲ್ಲಿ ಶಾಲಾ ಚೀಲ ಹೊತ್ತ ಇಬ್ಬರು ಮಕ್ಕಳು. ಒಬ್ಬಳು ಅವರನ್ನೇ ಅನುಕರಿಸುತ್ತಿದ್ದಾಳೆ, ಇನ್ನೊಬ್ಬನ ದೃಷ್ಟಿ ಕೈಯಲ್ಲಿರುವ ಫೋನಿನ ಮೇಲಿದೆ.

ದುರ್ಬಲವಾದ ಮಂಡನೆ ಎಡದಿಂದ ಬಲಕ್ಕೆ ಎಲ್ಲವನ್ನೂ ಎಣಿಸುತ್ತ ಹೋಗುತ್ತದೆ: ಆಕಾಶ ನೀಲಿಯಾಗಿದೆ, ಬೆಟ್ಟವಿದೆ, ಮೂವರಿದ್ದಾರೆ. ಒಂದು ನಿಮಿಷ ಹೀಗೆ ವ್ಯರ್ಥವಾಗುತ್ತದೆ. ಗಟ್ಟಿಯಾದ ಮಂಡನೆ ಮೊದಲ ಅರ್ಧ ನಿಮಿಷದಲ್ಲೇ ಚಿತ್ರದ ಒಳಗಿನ ತಿಕ್ಕಾಟವನ್ನು ಹಿಡಿಯುತ್ತದೆ. ಒಂದೇ ಚೌಕಟ್ಟಿನೊಳಗೆ ಎರಡು ಸಂವಹನ ಸಾಧನಗಳಿವೆ, ಒಂದಕ್ಕೆ ಉಸಿರು ಸಾಕು, ಇನ್ನೊಂದಕ್ಕೆ ಸಿಗ್ನಲ್ ಬೇಕು; ಛಾಯಾಗ್ರಾಹಕರು ಮಕ್ಕಳಲ್ಲಿ ಒಬ್ಬಳನ್ನು ವೃದ್ಧರ ಕಡೆ, ಮತ್ತೊಬ್ಬನನ್ನು ಫೋನಿನ ಕಡೆ ನಿಲ್ಲಿಸಿ ನಮ್ಮ ಮುಂದೆ ಒಂದು ಆಯ್ಕೆಯನ್ನು ಇಟ್ಟಂತಿದೆ. ಅಲ್ಲಿಂದ ಸಂಸ್ಕೃತಿಯ ಗಟ್ಟಿ ವಿವರಗಳಿಗೆ, ಅಂದರೆ ದ್ವೀಪ, ಕಂದರ, ಶಾಲೆಯ ಪಾಠ ಇವುಗಳಿಗೆ ಒಂದು ನಿಮಿಷ. ಆಮೇಲೆ ನಿಮ್ಮ ನಿಲುವಿಗೆ ಒಂದು ನಿಮಿಷ. ಕೊನೆಯ ಒಂದೆರಡು ವಾಕ್ಯಗಳಲ್ಲಿ ಶಿಕ್ಷಕರು ಕೈಹಾಕಬಹುದಾದ ಒಂದು ಬಿಡಿ ನೂಲನ್ನು ಬಿಟ್ಟುಬಿಡಿ: ‘ಈ ಹುಡುಗನನ್ನು ದೂರುವುದು ನ್ಯಾಯವೇ ಎಂಬುದು ನನಗೆ ಇನ್ನೂ ಸ್ಪಷ್ಟವಿಲ್ಲ.’ ಎರಡನೆಯ ಭಾಗದ ಮೊದಲ ಪ್ರಶ್ನೆ ಅಲ್ಲಿಂದಲೇ ಬರುವ ಸಾಧ್ಯತೆ ಹೆಚ್ಚು, ಅದಕ್ಕೆ ನೀವು ಆಗಲೇ ಸಿದ್ಧರಿರುತ್ತೀರಿ.

ಚಿತ್ರ ಮೂಕವಾಗಿ ಕಂಡಾಗ ಪಠ್ಯಕ್ರಮದ ಐದು ಪರಿಕಲ್ಪನೆಗಳನ್ನು ಪ್ರಶ್ನೆಗಳಾಗಿಸಿ ಅದರ ಮೇಲೆ ಪ್ರಯೋಗಿಸಬಹುದು. ಇದನ್ನು ಯಾರಿಗಾಗಿ ತೆಗೆದದ್ದು? ಯಾವ ಸಂದರ್ಭದ್ದು? ಉದ್ದೇಶವೇನು? ಏನನ್ನು ಹೇಳುತ್ತಿದೆ? ಬೇರೊಂದು ಊರಿನಲ್ಲೋ ಕಾಲದಲ್ಲೋ ಇದೇ ದೃಶ್ಯ ಹೇಗೆ ಬೇರೆಯಾಗುತ್ತಿತ್ತು? ಕೊನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಕೇಳಿಕೊಳ್ಳುವುದೇ ಕಡಿಮೆ, ಹೊಸ ಮಾತು ಹುಟ್ಟುವುದು ಮಾತ್ರ ಹೆಚ್ಚಾಗಿ ಅದರಿಂದಲೇ.

ಹಂತ 5: ಆ 15 ನಿಮಿಷಗಳನ್ನು ಮನೆಯಲ್ಲೇ ಪಳಗಿಸಿಕೊಳ್ಳಿ

ಎರಡು ಚಿತ್ರಗಳಲ್ಲಿ ಒಂದನ್ನು ಆರಿಸಲು ಒಂದೆರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಆಯ್ಕೆಯ ಸೂತ್ರ ಸರಳವಾಗಿದೆ: ಸುಂದರವಾದ ಚಿತ್ರವನ್ನಲ್ಲ, ಮುಳ್ಳಿರುವ ಚಿತ್ರವನ್ನು ಆರಿಸಿ. ವರ್ಣಿಸಲು ಸುಲಭವಾದ ಸಂತೆ, ಜಾತ್ರೆ, ಕಡಲತೀರದ ಚಿತ್ರಗಳು ಒಂದು ನಿಮಿಷದಲ್ಲಿ ಬತ್ತಿಹೋಗುತ್ತವೆ. ಮುಂದಿನ ಆರೇಳು ನಿಮಿಷ ಟಿಪ್ಪಣಿಗೆ. ಹತ್ತು ಅಂಶಗಳಲ್ಲಿ ನಾಲ್ಕನ್ನು ಮಂಡನೆಯ ಹಾದಿಗೆ, ಮೂರನ್ನು ಗಟ್ಟಿ ವಿವರಗಳಿಗೆ, ಮೂರನ್ನು ಬರಬಹುದಾದ ಪ್ರಶ್ನೆಗಳಿಗೆ ಮೀಸಲಿಡುವುದು ಒಂದು ಕ್ರಮ. ಮಿಕ್ಕ ಸಮಯದಲ್ಲಿ ಮೊದಲ ಎರಡು ವಾಕ್ಯಗಳನ್ನು ತುಟಿ ಅಲ್ಲಾಡಿಸಿ ಹೇಳಿಕೊಳ್ಳಿ. ಆರಂಭ ತಡವರಿಸದೆ ಬಂದರೆ ಮುಂದಿನದು ಅದರ ಹಿಂದೆ ನಡೆದುಬರುತ್ತದೆ. ನಿಘಂಟು ಇಲ್ಲದ್ದರಿಂದ, ಹೊಳೆಯದ ಪದದ ಸುತ್ತ ಬಳಸಿ ಹೇಳುವ ದಾರಿಯನ್ನೂ ಈ ಹೊತ್ತಿನಲ್ಲೇ ಯೋಚಿಸಿಕೊಳ್ಳಬೇಕು: ‘ಕಂದರ’ ಎಂಬ ಪದ ನೆನಪಾಗದಿದ್ದರೆ ‘ಎರಡು ಬೆಟ್ಟಗಳ ನಡುವಿನ ಆಳವಾದ ಜಾಗ’.

ಹಂತ 6: ಸಂಭಾಷಣೆಯ ಅಭ್ಯಾಸ

ಪ್ರಶ್ನೆಗಳು ಲೆಕ್ಕವಿಲ್ಲದಷ್ಟಿದ್ದರೂ ಅವುಗಳ ಜಾತಿಗಳು ಕೆಲವೇ: ಅಭಿಪ್ರಾಯ ಕೇಳುವುದು, ಹೋಲಿಕೆ ಕೇಳುವುದು, ‘ಹಾಗಾಗಿದ್ದರೆ’ ಎಂದು ಊಹೆ ಕೇಳುವುದು, ನೀವು ಹೇಳಿದ್ದನ್ನೇ ಅಲುಗಾಡಿಸುವುದು. ಕೊನೆಯದಕ್ಕೆ ವಿದ್ಯಾರ್ಥಿಗಳು ಬೆಚ್ಚುತ್ತಾರೆ, ಶಿಕ್ಷಕರಿಗೆ ಸಿಟ್ಟು ಬಂತೆಂದು ಭಾವಿಸುತ್ತಾರೆ. ಅದು ಹೆಚ್ಚು ಅಂಕ ಕೊಡಲು ಶಿಕ್ಷಕರು ತೆರೆಯುವ ಬಾಗಿಲು. ವಿಚಾರದ ಆಳ, ಸ್ವಂತ ವ್ಯಾಖ್ಯಾನ, ಮಾತನ್ನು ತಾನಾಗಿ ಮುಂದಕ್ಕೆ ಒಯ್ಯುವ ಗುಣ ಇವೆಲ್ಲ ಹೊರಬರುವುದು ಅಂಥ ಪ್ರಶ್ನೆಗೆ ಉತ್ತರಿಸುವಾಗ.

ಒಂದು ಮಾದರಿಯನ್ನು ನೋಡಿ. ಪರೀಕ್ಷೆಯಲ್ಲಿ ಇದು ನೀವು ಕಲಿಯುತ್ತಿರುವ ಭಾಷೆಯಲ್ಲಿ ನಡೆಯುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಶಿಕ್ಷಕಿ: “ಎಲ್ಲರ ಕೈಯಲ್ಲೂ ಫೋನ್ ಇರುವಾಗ ಶಿಳ್ಳೆ ಭಾಷೆಯನ್ನು ಮಕ್ಕಳಿಗೆ ಕಲಿಸಿ ಏನು ಪ್ರಯೋಜನ?”

ವಿದ್ಯಾರ್ಥಿ: “ಅದು ಅವರ ಸಂಸ್ಕೃತಿ ಮೇಡಂ. ಸಂಸ್ಕೃತಿಯನ್ನು ಉಳಿಸಿಕೊಳ್ಳಬೇಕು.”

ಇಲ್ಲಿಗೆ ಮಾತು ಮುಗಿಯಿತು. ಶಿಕ್ಷಕಿ ಮತ್ತೆ ಹೊಸ ಪ್ರಶ್ನೆ ಹುಡುಕಬೇಕು. ಅದೇ ಪ್ರಶ್ನೆಗೆ ಇನ್ನೊಂದು ಉತ್ತರ ಹೀಗಿರಬಹುದು.

ವಿದ್ಯಾರ್ಥಿ: “ಬರೀ ಪ್ರಯೋಜನವನ್ನು ನೋಡಿದರೆ ಫೋನೇ ಸಾಕು ಮೇಡಂ, ಅದನ್ನು ಒಪ್ಪುತ್ತೇನೆ. ಆದರೆ ಆ ಮಕ್ಕಳು ಅದನ್ನು ಕಲಿಯುತ್ತಿರುವುದು ಸುದ್ದಿ ಕಳಿಸಲಿಕ್ಕಲ್ಲ ಅನಿಸುತ್ತದೆ. ದ್ವೀಪದ ಆಚೆ ಅದು ಯಾರಿಗೂ ಬರುವುದಿಲ್ಲ, ಹಾಗಾಗಿ ‘ನಾನು ಇಲ್ಲಿಯವನು’ ಎಂದು ಹೇಳುವ ಒಂದು ದಾರಿ ಅದು. ನಮ್ಮ ಮನೆಯಲ್ಲಿ ಅಜ್ಜಿ ಆಡುವ ಕೆಲವು ಮಾತುಗಳು ನನಗೆ ಅರ್ಥವಾಗುತ್ತವೆ, ಆಡಲು ಬರುವುದಿಲ್ಲ. ಅದರಿಂದ ನನಗೆ ತೊಂದರೆಯೇನೂ ಆಗಿಲ್ಲ, ಆದರೂ ಏನೋ ಕಡಿಮೆಯಾದಂತೆ ಅನಿಸುತ್ತದೆ. ಶಾಲೆಯಲ್ಲಿ ಕಡ್ಡಾಯ ಮಾಡಿದರೆ ಪ್ರೀತಿ ಹುಟ್ಟುತ್ತದೆಯೇ ಎಂಬುದು ಮಾತ್ರ ನನ್ನ ಅನುಮಾನ.”

ಈ ಉತ್ತರ ಮೊದಲು ಎದುರಿನವರ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪುತ್ತದೆ, ಬಳಿಕ ಪ್ರಶ್ನೆಯನ್ನು ಪ್ರಯೋಜನದಿಂದ ಗುರುತಿನ ಕಡೆಗೆ ತಿರುಗಿಸುತ್ತದೆ, ತನ್ನ ಬದುಕಿನ ಒಂದು ಚೂರನ್ನು ಸೇರಿಸುತ್ತದೆ, ಕೊನೆಗೆ ಕಡ್ಡಾಯ ಶಿಕ್ಷಣದ ಬಗ್ಗೆ ಹೊಸದೊಂದು ಅನುಮಾನವನ್ನು ಎತ್ತುತ್ತದೆ. ಮೂರನೆಯ ಭಾಗದಲ್ಲಿ ಸಾಮಾಜಿಕ ವ್ಯವಸ್ಥೆಯ ಕಡೆಗೆ ಹೊರಳಲು ಶಿಕ್ಷಕಿಗೆ ಸೇತುವೆಯೂ ಸಿಕ್ಕಿತು. ಇದರಲ್ಲಿ ಕಠಿಣ ಪದ ಒಂದೂ ಇಲ್ಲ ಎಂಬುದನ್ನು ಗಮನಿಸಿ.

ಪ್ರಶ್ನೆ ಅರ್ಥವಾಗದಿದ್ದಾಗ ತೋಚಿದ್ದನ್ನು ಹೇಳುವುದಕ್ಕಿಂತ ಕೇಳಿ ತಿಳಿಯುವುದು ಮೇಲು. ಬರೀ ‘ಏನು?’ ಎನ್ನುವ ಬದಲು ‘ನೀವು ಕೇಳುತ್ತಿರುವುದು ಯುವಜನರ ಬಗ್ಗೆಯೋ, ಎಲ್ಲರ ಬಗ್ಗೆಯೋ?’ ಎಂದು ಅರ್ಥವಾದಷ್ಟನ್ನು ಸೇರಿಸಿ ಕೇಳಿ. ಅದೂ ಸಂಭಾಷಣೆಯೇ. ಯೋಚಿಸಲು ಎರಡು ಕ್ಷಣ ಬೇಕಾದಾಗ ಬಳಸುವ ನಾಲ್ಕೈದು ನುಡಿಗಟ್ಟುಗಳನ್ನು ಆ ಭಾಷೆಯಲ್ಲಿ ರೂಢಿಸಿಕೊಳ್ಳಿ. ಮಾತೃಭಾಷೆಯಲ್ಲಿ ಅಥವಾ ಇಂಗ್ಲಿಷಿನಲ್ಲಿ ‘ಅಂದರೆ’, ‘ಲೈಕ್’ ಎಂದು ನುಸುಳುವ ಶಬ್ದಗಳು ಧ್ವನಿಮುದ್ರಣದಲ್ಲಿ ಎದ್ದು ಕೇಳುತ್ತವೆ.

ಸಂಗಾತಿಯೊಬ್ಬರ ಜೊತೆ ಅಭ್ಯಾಸ ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ: ಪ್ರಶ್ನೆ ಕೇಳುವವರು ಪ್ರತಿ ಉತ್ತರದ ನಂತರವೂ ‘ಏಕೆ’ ಅಥವಾ ‘ಆದರೆ’ ಎಂದೇ ಮುಂದುವರಿಯಬೇಕು. ಮೂರನೆಯ ‘ಏಕೆ’ಗೆ ತಲುಪುವಷ್ಟರಲ್ಲಿ ಕಾರ್ಡಿನ ಸರಕು ಖಾಲಿಯಾಗಿ ನಿಮ್ಮದೇ ಮಾತು ಶುರುವಾಗುತ್ತದೆ.

ಹಂತ 7: ವಲಯಕ್ಕೆ ತಕ್ಕ ವ್ಯಾಕರಣ

ಭಾಷೆಗೆ 12 ಅಂಕ ಇರುವುದರಿಂದ, ಪ್ರತಿ ವಲಯ ಯಾವ ವಾಕ್ಯರಚನೆಯನ್ನು ಬೇಡುತ್ತದೆ ಎಂದು ಮೊದಲೇ ಕಂಡುಕೊಳ್ಳುವುದು ಜಾಣತನ. ಅಸ್ಮಿತೆಯ ಮಾತು ವರ್ತಮಾನದಲ್ಲಿ ನಡೆಯುತ್ತದೆ, ಸಂದೇಹ ಮತ್ತು ಅಭಿಪ್ರಾಯ ಅದರಲ್ಲಿ ಹೆಚ್ಚು. ಸ್ಪ್ಯಾನಿಷಿನಲ್ಲಿ ‘ನೊ ಕ್ರೆಯೊ ಕೆ’ (ಹಾಗೆಂದು ನನಗನಿಸುವುದಿಲ್ಲ) ಎಂದು ಆರಂಭಿಸಿದ ಮೇಲೆ ಸಂದೇಹ ಸೂಚಿಸುವ ಕ್ರಿಯಾರೂಪವಾದ ಸಬ್‌ಜಂಕ್ಟಿವ್ ಬರಲೇಬೇಕು, ಅದನ್ನು ಬಾಯಿಗೆ ಹತ್ತಿಸಿಕೊಳ್ಳಲು ಈ ವಲಯವೇ ಸರಿಯಾದ ಗರಡಿ. ಅನುಭವದ ಮಾತು ಭೂತಕಾಲದ್ದು. ಫ್ರೆಂಚಿನ ಪಾಸೆ ಕೊಂಪೊಸೆ ಮತ್ತು ಎಂಪಾರ್ಫೆ, ಸ್ಪ್ಯಾನಿಷಿನ ಎರಡು ಭೂತಕಾಲಗಳು ಇಲ್ಲಿ ಬೆರೆತುಕೊಂಡು ಬರಬೇಕು: ಹಿನ್ನೆಲೆಗೆ ಒಂದು, ನಡೆದ ಘಟನೆಗೆ ಇನ್ನೊಂದು. ‘ನಾನು ಚಿಕ್ಕವಳಿದ್ದಾಗ ಹೀಗೆ ಮಾಡುತ್ತಿದ್ದೆ, ಒಂದು ದಿನ ಹೀಗಾಯಿತು’ ಎಂಬ ಆಕಾರದಲ್ಲಿ ಐದಾರು ನೈಜ ನೆನಪುಗಳನ್ನು ಹೇಳಿ ಅಭ್ಯಾಸ ಮಾಡಿ. ಮಾನವ ಜಾಣ್ಮೆಗೆ ಕಾರಣ, ಪರಿಣಾಮ ಮತ್ತು ಊಹೆಯ ವಾಕ್ಯಗಳು ಬೇಕು. ‘ಬ್ರೈಲ್‌ನ ಪದ್ಧತಿ ಇಲ್ಲದಿದ್ದರೆ’ ಎಂಬಂಥ ವಾಕ್ಯವನ್ನು ಎರಡೂ ಕಡೆ ಸರಿಯಾದ ಕ್ರಿಯಾರೂಪದೊಂದಿಗೆ ಮುಗಿಸುವವರು ಕಡಿಮೆ, ಆದ್ದರಿಂದ ಅದು ಕೇಳುವವರ ಗಮನಕ್ಕೆ ಬರುತ್ತದೆ. ಫ್ರೆಂಚಿನಲ್ಲಿ ‘ಸಿ’ (ಒಂದು ವೇಳೆ) ಎಂದ ಕೂಡಲೇ ಅದರ ಹಿಂದೆಯೇ ಕೊಂಡಿಸಿಯೊನೆಲ್ (ಆಗುತ್ತಿತ್ತು ಎಂಬಂಥ ಊಹೆಯ ಕ್ರಿಯಾರೂಪ) ಬಳಸುವುದು ಬಹುಕಾಲದಿಂದ ಉಳಿದುಬಂದಿರುವ ತಪ್ಪು.

ಉಚ್ಚಾರಣೆಯ ಬಗ್ಗೆ ಅತಿಯಾದ ಆತಂಕ ಬೇಡ. ಆ ಭಾಷೆಯಲ್ಲೇ ಹುಟ್ಟಿಬೆಳೆದವರ ರಾಗವನ್ನು ಯಾರೂ ನಿರೀಕ್ಷಿಸುವುದಿಲ್ಲ. ಅರ್ಥಕ್ಕೆ ಅಡ್ಡಿಯಾಗದಿದ್ದರೆ ಸಾಕು.

ಹೈಯರ್ ಲೆವೆಲ್‌ನವರಿಗೆ

ಓದಿದ ಎರಡು ಸಾಹಿತ್ಯ ಕೃತಿಗಳಲ್ಲಿ ಒಂದರಿಂದ 300 ಪದಗಳವರೆಗಿನ ಭಾಗ ಕೈಗೆ ಬರುತ್ತದೆ, ತಯಾರಿಗೆ 20 ನಿಮಿಷ. ಕೃತಿಯ ಕಥೆಯನ್ನೆಲ್ಲ ಹೇಳುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಕೇಳುತ್ತಿರುವುದು ಈ 300 ಪದಗಳಲ್ಲಿ ಏನಾಗುತ್ತಿದೆ ಎಂಬುದನ್ನು. ಇಡೀ ಕೃತಿಯಲ್ಲಿ ಈ ಭಾಗ ಎಲ್ಲಿ ಬರುತ್ತದೆ ಎಂದು ಒಂದೆರಡು ವಾಕ್ಯದಲ್ಲಿ ಹೇಳಿ, ಕೂಡಲೇ ಪಾತ್ರದ ಒಂದು ಮಾತನ್ನೋ ಒಂದು ನಡೆಯನ್ನೋ ಹಿಡಿಯಿರಿ. ಕೃತಿಗಳನ್ನು ಓದುವಾಗಲೇ ಅಂಚಿನಲ್ಲಿ ಮೂರು ಬಣ್ಣಗಳಲ್ಲಿ ಗುರುತು ಹಾಕಿಕೊಂಡರೆ ಅನುಕೂಲ: ಪಾತ್ರ ತನ್ನನ್ನು ತಾನು ಯಾರೆಂದು ಹೇಳಿಕೊಳ್ಳುವ ಕಡೆ ಒಂದು, ಏನನ್ನೋ ಹಾದು ಬದಲಾಗುವ ಕಡೆ ಒಂದು, ಉಪಾಯ ಹೂಡುವ ಅಥವಾ ಏನನ್ನೋ ಕಟ್ಟುವ ಕಡೆ ಒಂದು. ಸಂಭಾಷಣೆ ವಿಷಯ ವಲಯಗಳ ಕಡೆ ತಿರುಗಿದಾಗ ಆ ಗುರುತುಗಳು ನೆನಪಿಗೆ ಬರುತ್ತವೆ. ಮಂಡನೆಯ ಹೊರಗೆ ಉಳಿದ ಎಲ್ಲ ಹಂತಗಳೂ ಇವರಿಗೂ ಹಾಗೆಯೇ ಅನ್ವಯಿಸುತ್ತವೆ.

ಹಂತ 8: ಧ್ವನಿಮುದ್ರಿಸಿ, ಕೇಳಿ, ತಿದ್ದಿ

ಫೋನಿನಲ್ಲಿ ಪೂರ್ತಿ ಅವಧಿಯ ಅಭ್ಯಾಸವನ್ನು ಧ್ವನಿಮುದ್ರಿಸಿಕೊಳ್ಳಿ. ಕೇಳುವಾಗ ಎಲ್ಲ ತಪ್ಪುಗಳನ್ನೂ ಒಟ್ಟಿಗೆ ಬೇಟೆಯಾಡಲು ಹೋಗಬೇಡಿ. ಮೊದಲ ಸಲ ಕ್ರಿಯಾಪದಗಳಿಗೆ ಮಾತ್ರ ಕಿವಿಗೊಡಿ. ಎರಡನೆಯ ಸಲ ಪ್ರತಿ ಉತ್ತರ ಕೇಳಿದ ಪ್ರಶ್ನೆಗೇ ಉತ್ತರವಾಗಿದೆಯೇ ಎಂದು ನೋಡಿ. ಕಾರ್ಡಿನಲ್ಲಿ ಇರುವುದನ್ನು ಹೇಗಾದರೂ ತುರುಕುವ ಚಪಲ ಇಲ್ಲಿ ಬಯಲಾಗುತ್ತದೆ. ಮೂರನೆಯ ಸಲ ನೀವು ಮಾತಾಡಿದ ಪಾಲೆಷ್ಟು, ಎದುರಿನವರ ಪಾಲೆಷ್ಟು ಎಂದು ಗಮನಿಸಿ. ಎದುರಿನವರೇ ಹೆಚ್ಚು ಮಾತಾಡಿದ್ದರೆ ನಿಮ್ಮ ಉತ್ತರಗಳು ಗಿಡ್ಡವಾಗಿವೆ ಎಂದರ್ಥ. ತಿದ್ದಿದ್ದನ್ನು ಬೇರೆ ಚಿತ್ರದ ಮೇಲೆ ಅಭ್ಯಾಸ ಮಾಡಿ. ಅದೇ ಚಿತ್ರವನ್ನು ಮತ್ತೆ ಎತ್ತಿಕೊಂಡರೆ ಎರಡನೆಯ ಸಲಕ್ಕೆ ಅದು ಭಾಷಣವಾಗಿಬಿಡುತ್ತದೆ.

ಚಿತ್ರಗಳನ್ನು ಕಲಿಯುತ್ತಿರುವ ಭಾಷೆಯ ಪತ್ರಿಕೆಗಳಿಂದ ನೀವೇ ಕಲೆಹಾಕಬಹುದು. ಅಡಿಬರಹವನ್ನು ಮುಚ್ಚಿ ಮಾತನಾಡಿ, ಆಮೇಲೆ ತೆರೆದು ಓದಿ. ನಿಮ್ಮ ಊಹೆ ಎಲ್ಲಿ ತಪ್ಪಿತು ಎಂಬುದರಿಂದ ಆ ಸಂಸ್ಕೃತಿಯ ಬಗ್ಗೆ ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಸಿಗುತ್ತದೆ, ಅದು ಮುಂದಿನ ಕಾರ್ಡಿಗೆ ಸರಕು.

ಪರೀಕ್ಷೆಯ ದಿನ

ಹಿಂದಿನ ರಾತ್ರಿ ಕಾರ್ಡುಗಳನ್ನು ಒಮ್ಮೆ ತಿರುವಿಹಾಕಿದರೆ ಸಾಕು. ಬೆಳಿಗ್ಗೆ ಎದ್ದ ಮೇಲೆ ಅರ್ಧ ಗಂಟೆ ಆ ಭಾಷೆಯ ರೇಡಿಯೊ ಕೇಳಿ, ಕೇಳಿದ್ದಕ್ಕೆ ಗಟ್ಟಿಯಾಗಿ ಪ್ರತಿಕ್ರಿಯೆ ಕೊಡಿ, ನಾಲಿಗೆ ಸಡಿಲವಾಗುತ್ತದೆ. ಕೊಠಡಿಯಲ್ಲಿ ಧ್ವನಿಮುದ್ರಣ ಯಂತ್ರಕ್ಕೆ ಹತ್ತಿರ ಕುಳಿತುಕೊಳ್ಳಿ, ಟಿಪ್ಪಣಿಯ ಹಾಳೆಯನ್ನು ಸರಪರ ಮಾಡಬೇಡಿ. ಮಂಡನೆಯ ವೇಳೆ ಶಿಕ್ಷಕರು ತಲೆಯಾಡಿಸದೆ ಸುಮ್ಮನಿದ್ದರೆ ಗಾಬರಿ ಬೇಡ, ಆ ಭಾಗದಲ್ಲಿ ಮಾತು ನಿಮಗೊಬ್ಬರಿಗೇ ಸೇರಿದ್ದು. ನಾಲ್ಕು ನಿಮಿಷ ದಾಟಿದ ಮೇಲೆ ಅವರು ನಡುವೆ ಬಾಯಿ ಹಾಕಿದರೆ ಅದು ಸಮಯ ಕಾಯಲು, ನೀವು ತಪ್ಪಿದ್ದೀರೆಂದಲ್ಲ. ಹೇಳುತ್ತಿದ್ದ ವಾಕ್ಯವನ್ನು ಅಲ್ಲಿಗೇ ಬಿಟ್ಟು ಪ್ರಶ್ನೆಗೆ ಕಿವಿಗೊಡಿ, ಉಳಿದುಹೋದ ಅಂಶವನ್ನು ಎರಡನೆಯ ಭಾಗದ ಯಾವುದಾದರೂ ಉತ್ತರದೊಳಗೆ ಸೇರಿಸಲು ಅವಕಾಶ ಸಿಗುತ್ತದೆ.